ಸುಣ್ಣದಡಿಯ ಕರು

9-3-2025, ಭಾನುವಾರ

ನನ್ನ ಹೆಡ್ಡತನಕ್ಕೆ ಏನು ಹೇಳಲಿ! ಬುಕ್ಕಾಂಬುಧಿ ಹತ್ತಿರದ ನಮ್ಮ ಸುಣ್ಣಕಲ್ಲು ಗುಡ್ಡದ ವೀರಗಲ್ಲು ನೋಡೋಕೆ ಸಂಶೋಧನೆ ಮಾಡೋ ಹುಡುಗಿ ನಿಶ್ಚಿತಾ ಬರ್ತಾಳೆ ಅಂತ, ನಿನ್ನೆಯೇ ಹೋಗಿ ಕಲ್ಲಿಗೆ ಮೂರು ಸಲ ಸುಣ್ಣ ಬಳಿದು ಬಂದಿದ್ದೆ. ಹೊರಗಿನವರು ಬಂದಾಗ ಲಕ್ಷಣವಾಗಿರಲಿ ಅಂತ.

ಇವತ್ತು ಕಲ್ಲು ನೋಡಿದವಳೇ ಚೀಲ ಕೆಳಗಿಟ್ಟು ಕೂತುಬಿಟ್ಟಳು. "ಕೆತ್ತನೆ ಎಲ್ಲಿದೆ ಅಣ್ಣಾ?" ಅಂದಳು. ಸುಣ್ಣದ ಕೆಳಗೆ ಅಂತ ಬೆರಳು ತೋರಿಸಿದೆ.

ಆ ಗುಡ್ಡದ ಕಲ್ಲನ್ನೇ ಸುಟ್ಟು ಮಾಡಿದ ಸುಣ್ಣವನ್ನ ಪ್ರತಿ ಯುಗಾದಿಗೂ ಬಳಿಯೋದು ನಮ್ಮ ಮನೆತನದ ಸೇವೆ. ಅಜ್ಜ ಬಳಿದ ಪದರವೂ ಅದರಲ್ಲೇ ಇದೆ. ಇನ್ನು ಬಳಿಯಬೇಡಿ ಅಂತ ನಿಶ್ಚಿತಾ ಮೆಲ್ಲಗೆ ಹೇಳಿದಳು. ಜೊತೆಗೆ ಬಂದಿದ್ದ ಅವ್ವನಿಗೆ ಇದನ್ನ ಹೇಗೆ ಹೇಳೋದು ಅನ್ನೋದೇ ನನಗೆ ಚಿಂತೆಯಾಯ್ತು.

ನಿಶ್ಚಿತಾ ನೀರು ಚಿಮುಕಿಸಿ ಬಿದಿರುಕಡ್ಡಿಯಲ್ಲಿ ನಿಧಾನವಾಗಿ ಕೆರೆದಳು. ಸುಣ್ಣ ಚಕ್ಕೆ ಚಕ್ಕೆಯಾಗಿ ಉದುರಿತು. ವೀರನ ಕಾಲ ಹತ್ತಿರ ಒಂದು ಉಬ್ಬು ಇತ್ತು. ಲಿಂಗ ಅಂತ ಅದಕ್ಕೆ ಅವ್ವ ದಿನಾ ವಿಭೂತಿ ಹಚ್ಚುತ್ತಿದ್ದಳು. ಸಂಜೆ ಹೊತ್ತಿಗೆ ಅದಕ್ಕೆ ಕಿವಿ ಬಂತು, ಮೂತಿ ಬಂತು. ಕರು! ಕಳ್ಳರಿಂದ ಊರಿನ ದನ ಬಿಡಿಸಿಕೊಂಡು ಬರೋಕೆ ಹೋಗಿ ಸತ್ತವನು ಈ ವೀರ ಅಂತ ನಿಶ್ಚಿತಾ ಹೇಳಿದಳು.

ಅವ್ವ ಎದ್ದು ಬಂದಳು. ಸೆರಗು ಒದ್ದೆ ಮಾಡಿಕೊಂಡು ಕರುವಿನ ಕಣ್ಣಲ್ಲಿ ಉಳಿದಿದ್ದ ಸುಣ್ಣವನ್ನ ತಾನೇ ಒರೆಸತೊಡಗಿದಳು.

"ಎಷ್ಟು ಉರಿದಿರಬೇಕು ಕಣೋ ಓಂಕಾರಿ, ಪಾಪ" ಅಂತ ನನ್ನ ಕಡೆ ತಿರುಗಿ ಅಂದಳು.

ನಾನು ಹೇಳಬೇಕಾದ್ದು ಏನೂ ಉಳಿಯಲಿಲ್ಲ.