ಇಟಲಿಯ ಬಟ್ಟಲು

ಜೂನ್ ೩, ಬೆಳಿಗ್ಗೆ

ಗಂಜಿ ಅರ್ಧ ಅತ್ತೆಯ ಬಾಯಿಗೆ, ಅರ್ಧ ಸೆರಗಿಗೆ. ಲಕ್ವ ಹೊಡೆದಾಗಿನಿಂದ ಬಲಗೈ ಏಳುವುದಿಲ್ಲ, ಮಾತೂ ತೊದಲು. ಇವತ್ತೂ ಎಡಗೈಯಿಂದ ಗೋಡೆಯಲ್ಲಿನ ದೇವರ ಮಾಡದ ಕಡೆ ತೋರಿಸಿದರು. ವಿಭೂತಿ ಹಚ್ಚಿದೆ. ಅಲ್ಲ. ದೀಪ? ಅದೂ ಅಲ್ಲ. ಸಿಟ್ಟಿನಿಂದ ಗೋಡೆಗೆ ಮುಖ ಮಾಡಿದರು.

ಜೂನ್ ೫

ಪುಣೆಯಿಂದ ಮ್ಯೂಸಿಯಂ ಮೇಡಂ ಬಂದಿದ್ದರು, ಮಾಡದಲ್ಲಿರುವ ಗಾಜಿನ ಬಟ್ಟಲು ನೋಡಲು. ಅತ್ತೆಯ ಮಾವ ಬಸಗೊಂಡಪ್ಪ ಎರಡನೇ ದೊಡ್ಡ ಯುದ್ಧದಲ್ಲಿ ಸಿಪಾಯಿಯಾಗಿ ಇಟಲಿಗೆ ಹೋದವರು. ಕುಸಿದ ಮನೆಯಿಂದ ಮುದುಕಿಯೊಬ್ಬಳನ್ನು ಹೊತ್ತು ತಂದಿದ್ದಕ್ಕೆ ಅವಳು ಕೊಟ್ಟದ್ದು. ವೆನಿಸ್ ಕಡೆಯದು, ನಾನೂರು ವರ್ಷದ್ದಿರಬಹುದು ಎಂದರು ಮೇಡಂ. ಒಂದು ಗಾಜು ಊದಿ, ಅದರೊಳಗೆ ಇನ್ನೊಂದು ಊದಿ ಕೂಡಿಸಿದ್ದಂತೆ. ನಡುವೆ ಬಿಳಿ ಎಳೆಗಳ ಬಲೆ. ಭೂತಗನ್ನಡಿ ಹಿಡಿದು ನೋಡಿದೆ — ಬಲೆಯ ಒಂದೊಂದು ಕಣ್ಣಿನಲ್ಲೂ ಒಂದು ಗುಳ್ಳೆ! ಅಂದಿನ ಗಾಳಿ ಇನ್ನೂ ಒಳಗೇ ಇದೆ… ಎಲ್ಲಿಯ ಗಾಳಿ, ಎಲ್ಲಿಯ ನಮ್ಮೂರು ಅಸಂಗಿ.

ಸೋಮವಾರ ಒಯ್ಯುತ್ತಾರೆ. ಅಲ್ಲಿವರೆಗೆ ನೀರು ತಾಗಿಸಬಾರದು. ನಮ್ಮ ಮನೆಯವರು ಒಪ್ಪಿದರು. ಅತ್ತೆಯನ್ನು ಯಾರೂ ಕೇಳಲಿಲ್ಲ. ನಾನೂ.

ಜೂನ್ ೯

ಅತ್ತೆ ಮಾಡದ ಕಡೆ ಯಾಕೆ ತೋರಿಸುತ್ತಿದ್ದರೆಂದು ಇವತ್ತು ತಿಳಿಯಿತು. ಒರೆಸಿಡಲು ಬಟ್ಟಲು ಇಳಿಸಿದೆ, ಅತ್ತೆಯ ಎಡಗೈ ಚಾಚಿತು.

"ನೀರ… ಅದರಾಗ."

ಇವರು ಬಾಗಿಲಲ್ಲೇ ನಿಂತರು. "ಅವ್ವ, ಒಡೀತೈತಿ! ಸ್ಟೀಲಿನ ಗಿಲಾಸದಾಗ ಕೊಡ್ತೀವಿ."

ಅತ್ತೆ ಒಂದೊಂದೇ ಮಾತು ಎಳೆದರು. "ಮದಿವ್ಯಾಗಿ ಬಂದಾಗಿಂದ… ದಿನಾ ಒರಸೀನಿ. ಹೆಂಗಸ್ರು ಬಾಯಿ ಹಚ್ಚಬಾರದು ಅಂತಿದ್ರು… ಮಾವ."

ಕೊಟ್ಟವಳೂ ಹೆಂಗಸೇ ಅಲ್ಲವೇ!

"ನಾಳಿ ಮೇಡಮ್ಮಗ ಏನ ಹೇಳೂದು?" ಎಂದರು ಇವರು.

"ಒಡದ್ರ ನಾ ಹೇಳ್ತೀನ್ರಿ," ಅಂದೆ. ಬಟ್ಟಲಿಗೆ ಅರ್ಧದಷ್ಟು ನೀರು ಸುರಿದೆ. ಇವರೇ ಬಂದು ಅತ್ತೆಯ ಬೆನ್ನಿಗೆ ಕೈ ಕೊಟ್ಟು ಕೂರಿಸಿದರು.

ಕುಡಿದರು. ಸೊಟ್ಟ ಬಾಯಿಂದ ಒಂದಿಷ್ಟು ಇಳಿಯಿತು. ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ ನಗು — ಹಾಸಿಗೆ ಹಿಡಿದ ಮೇಲೆ ಇದೇ ಮೊದಲು.

"ಬರೇ… ನೀರ ಐತಿ ನೋಡ."

ಇವರೂ ನಕ್ಕರು. ಮುಖ ತಿರುಗಿಸಿಕೊಂಡು ಹಿತ್ತಲಿಗೆ ಹೋದರು.

ಜೂನ್ ೧೦

ಗಾಡಿ ಬಂತು. ಇವರು ಮೇಡಂಗೆ ಎಲ್ಲ ಹೇಳಿಬಿಟ್ಟರು! ಮೇಡಂ ಬಟ್ಟಲನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬಿರುಕಿಲ್ಲ. ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಇನ್ನೇನು ಇಡಬೇಕು, ಅತ್ತೆ ನನ್ನ ಸೆರಗು ಜಗ್ಗಿದರು.

"ಶೈಲಾ… ನೀ ಕುಡದಿಯೇನ?"

ಎಲ್ಲರೂ ನನ್ನನ್ನೇ ನೋಡಿದರು. ಇವರು ಒಳಗೆ ಹೋಗಿ ತಂಬಿಗೆ ತಂದರು. ಮೇಡಂ ಪೆಟ್ಟಿಗೆ ಮುಚ್ಚಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಕಡೆ ಚಾಚಿದರು.