ಇಪ್ಪತ್ತಾರು ನಿಮಿಷದ ಪ್ರವಾಸ

ಬಸ್ ಡಿಪೋ, ವೇಳಾಪಟ್ಟಿ ವಿಭಾಗ
ಏಪ್ರಿಲ್ ೮, ಸೋಮವಾರ, ಮಧ್ಯಾಹ್ನ ೧.೧೦ (ಊಟದ ಬಿಡುವು ೧.೪೦ರ ತನಕ)

ಪ್ರೀತಿಯ ಪುಟ್ಟಕ್ಕನಿಗೆ,

ಈ ಪತ್ರದ ಮೂಲಕ ನಿನಗೂ ನಿನ್ನ ಹಾಸ್ಟೆಲಿನ ಸಮಸ್ತ ನಿವಾಸಿಗಳಿಗೂ ಘೋಷಿಸುವುದೇನೆಂದರೆ, ನಮ್ಮ ಮನೆಬಾಗಿಲಿನಿಂದ ಬಸ್‌ಸ್ಟಾಪಿಗೆ ಮೂವರು ಮನುಷ್ಯರು, ಮೂರು ಪೆಟ್ಟಿಗೆ ಮತ್ತು ಒಬ್ಬ ಅಜ್ಜಿ ತಲುಪಲು ಸರಿಯಾಗಿ ಇಪ್ಪತ್ತಾರು ನಿಮಿಷ ಬೇಕು. ಅಜ್ಜಿಯನ್ನು ಕಳೆದರೆ ಹನ್ನೊಂದು. ಇದು ಅಂದಾಜಲ್ಲ, ಗಡಿಯಾರ ಹಿಡಿದು ಅಳೆದದ್ದು. ಅಳೆಯಲು ಹೋಗಿ ನಮ್ಮ ಮಾನ ಎಲ್ಲಿಗೆ ಬಂತು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಿನ್ನ ಸಮಾಚಾರ. ವಾರ್ಡಿನಲ್ಲಿ ಇಡೀ ದಿನ ನಿಂತು ಕಾಲು ಊದುತ್ತೆ ಅಂದಿದ್ದೆಯಲ್ಲ, ಕಮ್ಮಿಯಾಯಿತೇ? ಉಪ್ಪುನೀರಿನಲ್ಲಿ ಕಾಲಿಡಬೇಕಂತೆ, ನಿನ್ನಮ್ಮ ಹೇಳಿದಳು. ನರ್ಸ್ ಆಗುವವಳಿಗೆ ನಾವು ವೈದ್ಯ ಹೇಳಿಕೊಡುವುದೇ ಅಂದೆ. ‘ನರ್ಸ್ ಆದ್ರೆ ಕಾಲು ಕಬ್ಬಿಣದ್ದಾಗುತ್ತಾ? ಬರೀರಿ ಸುಮ್ನೆ’ ಅಂದಳು. ಬರೆದಿದ್ದೇನೆ. ಅಜ್ಜಿ ಕ್ಷೇಮ. ಚಿಕ್ಕವಳಿಗೆ ಪರೀಕ್ಷೆ ಮುಗಿದು ರಜೆ ಶುರುವಾಗಿದೆ, ಅಂದರೆ ನಾವ್ಯಾರೂ ಕ್ಷೇಮವಲ್ಲ.

ಹೋದ ಪತ್ರದಲ್ಲಿ ನೀನು ಬರೆದ ಸಾಲು ನನ್ನ ಅಂಗಿ ಜೇಬಿನಲ್ಲೇ ಇದೆ. ‘ಈ ಸಲ ನನ್ನ ಬಿಟ್ಟು ಹೋಗ್ಬನ್ನಿ ಅಪ್ಪಾ, ಖರ್ಚಾದ್ರೂ ಉಳಿಯುತ್ತೆ, ನಾಲ್ಕು ದಿನ ನಾನು ಹಾಸ್ಟೆಲಲ್ಲೇ ಇರ್ತೀನಿ.’ ಭೇಷ್. ಮೂರು ವರ್ಷದ ಮೇಲೆ ಮನೆಯವರೆಲ್ಲ ಒಟ್ಟಿಗೆ ಹೊರಡೋಣ ಅಂದುಕೊಂಡರೆ ಮಗಳು ತನ್ನನ್ನೇ ಖರ್ಚಿನ ಬಾಬ್ತಿಗೆ ಸೇರಿಸಿಕೊಂಡು ಹೊಡೆದುಹಾಕಿದ್ದಾಳೆ. ಹತ್ತೊಂಬತ್ತು ವರ್ಷ ವೇಳಾಪಟ್ಟಿ ಬರೆದ ಮನುಷ್ಯ ಈ ಅವಮಾನವನ್ನು ಸಹಿಸಲಾರ. ಕೇಳು.

ಸಿಬ್ಬಂದಿಯ ಕುಟುಂಬಕ್ಕೆ ವರ್ಷಕ್ಕೊಂದು ಪುಕ್ಕಟೆ ಪಾಸು ಇದೆ, ಐದು ಜನಕ್ಕೆ. ನಾಲ್ವರು ಹೋದರೂ ಅದೇ ಪಾಸು, ಐವರು ಹೋದರೂ ಅದೇ ಪಾಸು. ನಿನ್ನನ್ನು ಬಿಟ್ಟು ಹೋಗಿ ಉಳಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಆದರೆ ಪಾಸು ನಮ್ಮ ಡಿಪೋದ ಬಸ್ಸುಗಳಿಗೆ ಮಾತ್ರ, ಅದೂ ಸಾದಾ ಬಸ್ಸು. ಹಾಗಾಗಿ ಚಿಕ್ಕವಳು ಕೇಳಿದ ಸಮುದ್ರ, ನಿನ್ನಮ್ಮ ಕೇಳಿದ ಬೆಟ್ಟ, ಅಜ್ಜಿ ಕೇಳಿದ ಅವಳ ತಂಗಿಯ ಮನೆ, ಮೂರೂ ರದ್ದು. ನಮ್ಮ ಅತಿ ಉದ್ದದ ಮಾರ್ಗದ ಕೊನೆಯ ಸ್ಟಾಪಿನಲ್ಲಿ ಒಂದು ಕೆರೆ ಇದೆ. ದಡದಲ್ಲೇ ಡ್ರೈವರುಗಳ ವಿಶ್ರಾಂತಿ ಗೃಹ, ಅದರಲ್ಲಿ ಸಿಬ್ಬಂದಿ ಕುಟುಂಬಕ್ಕೆ ಒಂದು ಕೋಣೆ. ಆ ಬಸ್ಸು ಎಷ್ಟು ಗಂಟೆಗೆ ಕೆರೆ ಮುಟ್ಟುತ್ತದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ, ಕೆರೆಯನ್ನು ಮಾತ್ರ ಕಂಡಿಲ್ಲ.

ಇನ್ನು ನಮ್ಮ ಮಾನದ ವಿಷಯ. ಡಿಪೋದಲ್ಲಿ ಒಂದು ಪದ್ಧತಿ ಇದೆ. ಹೊಸ ಮಾರ್ಗ ಶುರು ಮಾಡುವ ಮುಂಚೆ ಒಂದು ಬಸ್ಸನ್ನು ಖಾಲಿ ಓಡಿಸಿ, ಎಲ್ಲೆಲ್ಲಿ ತಡವಾಗುತ್ತದೆ ಅಂತ ಬರೆದುಕೊಳ್ಳುತ್ತೇವೆ. ನಮ್ಮ ಮನೆಯೂ ಹೊಸ ಮಾರ್ಗವೇ ತಾನೆ? ಮೊನ್ನೆ ಶನಿವಾರ ಬೆಳಿಗ್ಗೆ ೫.೪೦ಕ್ಕೆ ಪರೀಕ್ಷಾ ಓಟ ಇಟ್ಟೆ. ಪೆಟ್ಟಿಗೆಗಳು ಖಾಲಿ ಇದ್ದರೆ ಲೆಕ್ಕ ತಪ್ಪುತ್ತದೆಂದು ಹಳೆಯ ವೇಳಾಪಟ್ಟಿ ಪುಸ್ತಕಗಳನ್ನು ತುಂಬಿದ್ದೆ. ‘ನಿಮ್ಮಪ್ಪ ಮದುವೆ ದಿನಾನೂ ಹೀಗೇ ಗಡಿಯಾರ ನೋಡ್ತಾ ಕೂತಿದ್ರು’ ಅಂತ ನಿನ್ನಮ್ಮ ಚಿಕ್ಕವಳಿಗೆ ಹೇಳಿದ್ದನ್ನು ಕೇಳಿಸಿಕೊಂಡೂ ಕೇಳಿಸದವನಂತೆ ಬೀಗ ಹಾಕಿದೆ.

ಎದುರುಮನೆ ಟೀಚರಮ್ಮ ಬಾಗಿಲು ಗುಡಿಸುತ್ತಿದ್ದರು. ‘ಅಯ್ಯೋ, ಹೊರಟೇಬಿಟ್ರಾ! ಹೇಳಲೇ ಇಲ್ಲ!’ ಅಂತ ಒಂದೇ ಕೂಗು. ತರಗತಿಯ ಕೊನೆ ಬೆಂಚಿಗೆ ಮುಟ್ಟುವ ಗಂಟಲು ಅದು, ಬೀದಿ ಬೀದಿಯೇ ಎದ್ದಿತು. ಯಾರೋ ಬಿಸ್ಕತ್ತಿನ ಡಬ್ಬಿ ತಂದರು. ಮಹಡಿಯ ಮೇಲಿನ ಓನರು ಹಲ್ಲುಜ್ಜುತ್ತಲೇ ಕೈ ಬೀಸಿದರು. ಆಗಲೇ ‘ಇದು ಬರೀ ಅಳತೆ’ ಅಂದಿದ್ದರೆ ಮುಗಿಯುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಎಲ್ಲರಿಗೂ ‘ಹೋಗ್ಬರ್ತೀವಮ್ಮಾ’ ಅಂದಾಗಿತ್ತು. ಟೀಚರಮ್ಮ ನನ್ನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡು, ‘ಏನ್ರೀ ಇದು, ಕಲ್ಲು ತುಂಬಿದೀರಾ?’ ಅನ್ನುತ್ತ ಸ್ಟಾಪಿನ ತನಕ ಬಂದರು. ಬಸ್ಸು ಬಂತು. ಅವರು ಹೋಗಲಿಲ್ಲ. ನಾವು ಹತ್ತಿದೆವು. ಇನ್ನೇನು ಮಾಡುವುದು?

‘ಎಲ್ಲಿಗೆ ಸಾರ್?’ ಅಂದ ಕಂಡಕ್ಟರ್, ಗುರುತಿನವನೇ. ಮೂರು ಪೆಟ್ಟಿಗೆಗಳ ನಡುವೆ ನಿಂತು ‘ಮುಂದಿನ ಸ್ಟಾಪಿಗಪ್ಪ’ ಅಂದೆ. ಅವನ ಮುಖ ನೋಡಬೇಕಿತ್ತು. ಇವತ್ತು ಬೆಳಿಗ್ಗೆ ಡಿಪೋ ಕ್ಯಾಂಟೀನಿನಲ್ಲಿ ನಾನು ಒಳಗೆ ಬರುತ್ತಲೇ ನಾಲ್ಕು ಜನಕ್ಕೆ ಒಟ್ಟಿಗೆ ಕೆಮ್ಮು ಬಂತು.

ಮುಂದಿನ ಸ್ಟಾಪಿನಲ್ಲಿ ಇಳಿದು, ಹಿಂದಿನ ಓಣಿ ಹಿಡಿದು, ಹಿತ್ತಲ ಬಾಗಿಲಿನಿಂದ ನಮ್ಮ ಮನೆಗೇ ಕಳ್ಳರ ಹಾಗೆ ಹೊಕ್ಕೆವು. ಆಮೇಲೆ ಭಾನುವಾರ ಸಂಜೆಯವರೆಗೆ ನಾವು ಪ್ರವಾಸದಲ್ಲಿದ್ದೆವು, ಮನೆಯೊಳಗೆ. ಕಿಟಕಿ ತೆರೆಯುವ ಹಾಗಿಲ್ಲ. ಕುಕ್ಕರ್ ಇಡುವ ಹಾಗಿಲ್ಲ, ಸೀಟಿ ಕೂಗಿದರೆ ಬೀದಿಗೆಲ್ಲ ಗೊತ್ತು. ಬ್ರೆಡ್ಡು, ಬಾಳೆಹಣ್ಣು ಮತ್ತು ಆ ಬಿಸ್ಕತ್ತಿನ ಮೇಲೆ ಜೀವನ. ಅಜ್ಜಿಗೆ ಪಿಸುಮಾತು ಬರುವುದಿಲ್ಲ ಅಂತ ನಿನಗೆ ಗೊತ್ತಲ್ಲ, ಅವಳಿಗೆ ಸ್ಲೇಟು ಬಳಪ ಕೊಟ್ಟೆವು. ‘ಕಾಫಿ’ ಅಂತ ದಪ್ಪಕ್ಷರದಲ್ಲಿ ಬರೆದು ಗಂಟೆಗೊಮ್ಮೆ ಎತ್ತಿ ತೋರಿಸುತ್ತಿದ್ದಳು. ನಿನ್ನಮ್ಮ ಮಾತ್ರ, ಅಡುಗೆಯಿಲ್ಲ ಅಂತ ತಿಳಿದ ಕೂಡಲೇ ಚಾಪೆ ಹಾಸಿ ಎರಡು ಮಧ್ಯಾಹ್ನವೂ ಹಾಯಾಗಿ ನಿದ್ದೆ ಹೊಡೆದಳು. ಎದ್ದು, ‘ಈ ಊರು ಚೆನ್ನಾಗಿದೆ ಕಣ್ರೀ’ ಅಂದಳು.

ಹೊತ್ತು ಹೋಗದೆ ಇಸ್ಪೀಟು ಆಡಿದೆವು. ಅಜ್ಜಿ ಪ್ರತಿ ಆಟಕ್ಕೂ ಐದು ಪಾಲು ಹಾಕುತ್ತಿದ್ದಳು. ನಾಲ್ಕೇ ಜನ ಇರೋದು ಅಂತ ಚಿಕ್ಕವಳು ಬೆರಳು ತೋರಿಸಿದರೆ ಕೇಳಲಿಲ್ಲ. ನಿನ್ನ ಪಾಲು ಹಾಗೇ ಮಗುಚಿಕೊಂಡು ಇರುತ್ತಿತ್ತು. ಆಟ ಮುಗಿದ ಮೇಲೆ ತಿರುವಿ ನೋಡಿದರೆ ಮೂರು ಸಲವೂ ಒಳ್ಳೆಯ ಎಲೆಗಳೆಲ್ಲ ನಿನ್ನ ಹತ್ತಿರವೇ. ಇದ್ದರೂ ಗೆಲ್ಲುತ್ತೀಯ, ಇಲ್ಲದಿದ್ದರೂ ಗೆಲ್ಲುತ್ತೀಯ. ಎದುರಿಗೆ ಕೂತು ಗೆದ್ದರೆ ಜಗಳವನ್ನಾದರೂ ಆಡಬಹುದು.

ಭಾನುವಾರ ಸಂಜೆ ಹಿತ್ತಲಿನಿಂದ ಹೊರಟು, ಬೀದಿ ಸುತ್ತಿಕೊಂಡು, ಮುಂಬಾಗಿಲಿಗೆ ದಣಿದವರಂತೆ ಬಂದೆವು. ದಣಿವು ನಟನೆಯಲ್ಲ, ಆ ಪುಸ್ತಕಗಳ ಭಾರ ಹಾಗಿತ್ತು. ‘ಕೆರೆ ಹೇಗಿತ್ತಜ್ಜೀ?’ ಅಂದರು ಟೀಚರಮ್ಮ. ಎರಡು ದಿನ ಬಾಯಿ ಕಟ್ಟಿಸಿಕೊಂಡಿದ್ದ ಅಜ್ಜಿ ಬಾಯಿ ಬಿಟ್ಟಳು. ಕನ್ನಡಿಯಂಥ ನೀರಂತೆ, ಬಿಳಿ ಹಕ್ಕಿಗಳಂತೆ, ಕೆಂಪು ಬಣ್ಣದ ದೋಣಿಯಂತೆ. ಚಿಕ್ಕವಳು ಅಷ್ಟನ್ನೂ ನಂಬಿಬಿಟ್ಟಿದ್ದಾಳೆ, ಆ ದೋಣಿಯಲ್ಲಿ ಕೂರಲೇಬೇಕಂತೆ. ಓನರು ಮೇಲಿನಿಂದಲೇ, ‘ಏನ್ ಸಾರ್, ಟೂರು ಗೀರು ಜೋರಾಗಿದೆ!’ ಅಂದರು. ಆ ದನಿ ನನಗೆ ಹಿಡಿಸಲಿಲ್ಲ. ಎರಡೇ ವಾರದಲ್ಲಿ ನಾವು ಮತ್ತೆ ಪೆಟ್ಟಿಗೆ ಹೊತ್ತು ಹೊರಟರೆ ಬಾಡಿಗೆ ಏರುವುದರಲ್ಲಿ ಅನುಮಾನವಿಲ್ಲ.

ಆದರೂ ಹೊರಡುತ್ತೇವೆ, ಇಪ್ಪತ್ತನೇ ತಾರೀಖು, ಶನಿವಾರ. ಅವತ್ತೇ ನಿನ್ನ ರಜೆ ಶುರುವಲ್ಲವೇ? ನಿನ್ನ ಊರಿನ ಬಸ್ಸು ದೊಡ್ಡ ಬಸ್‌ಸ್ಟ್ಯಾಂಡಿಗೆ ಬೆಳಿಗ್ಗೆ ೬.೧೦ಕ್ಕೆ ಬರುತ್ತದೆ, ಕೆರೆ ಬಸ್ಸು ೬.೩೫ಕ್ಕೆ ಹೊರಡುತ್ತದೆ. ನಡುವಿನ ಇಪ್ಪತ್ತೈದು ನಿಮಿಷ ಎರಡು ವರ್ಷದ ಹಿಂದೆ, ನೀನು ಹಾಸ್ಟೆಲು ಸೇರಿದಾಗ, ನಾನೇ ಬಿಟ್ಟದ್ದು. ಯಾಕೆ ಇಷ್ಟು ಅಂತ ಮೇಲಧಿಕಾರಿ ಕೇಳಿದ್ದಕ್ಕೆ ‘ಪ್ರಯಾಣಿಕರ ಅನುಕೂಲಕ್ಕೆ’ ಅಂದಿದ್ದೆ. ಆ ಪ್ರಯಾಣಿಕಳು ಯಾರು ಅಂತ ಅವರು ಕೇಳಲಿಲ್ಲ.

ಊಟದ ಬಿಡುವು ಮುಗಿಯಿತು, ಡಬ್ಬಿ ಇನ್ನೂ ತೆರೆದಿಲ್ಲ. ಅಜ್ಜಿಯ ಆಶೀರ್ವಾದ, ಅಮ್ಮನ ಉಪ್ಪುನೀರು, ಚಿಕ್ಕವಳ ಕೆಂಪು ದೋಣಿ, ಎಲ್ಲವನ್ನೂ ಈ ಲಕೋಟೆಯಲ್ಲೇ ತುರುಕಿದ್ದೇನೆ.

ನಿನ್ನ,
ಅಪ್ಪ

ಮರೆತಿದ್ದೆ: ಬೀದಿಯಲ್ಲಿ ಪೆಟ್ಟಿಗೆ ಹೊರುವ ಹಾಗಿಲ್ಲದ್ದರಿಂದ ನಾವು ಒಬ್ಬೊಬ್ಬರಾಗಿ, ತರಕಾರಿಗೆ ಹೊರಟವರಂತೆ ಕೈಚೀಲದಲ್ಲಿ ಬಟ್ಟೆ ತುಂಬಿಕೊಂಡು ಬರುತ್ತೇವೆ. ಅಜ್ಜಿ ಮೂರು ಜೊತೆ ಮೈಮೇಲೇ ಹಾಕಿಕೊಳ್ಳುತ್ತಾಳಂತೆ. ಅವನ್ನೆಲ್ಲ ಒಟ್ಟುಮಾಡಲು ಬಸ್‌ಸ್ಟ್ಯಾಂಡಿನಲ್ಲಿ ಒಂದು ಪೆಟ್ಟಿಗೆ ಬೇಕು. ಹಾಸ್ಟೆಲಿನಲ್ಲಿರುವ ನಿನ್ನ ದೊಡ್ಡ ನೀಲಿ ಪೆಟ್ಟಿಗೆಯನ್ನು ಅರ್ಧ ಖಾಲಿ ಮಾಡಿ ಆ ೬.೧೦ರ ಬಸ್ಸಿಗೆ ಹಾಕಿಬಿಡು. ಒಂದು ಮಾತು, ಜೊತೆಗೆ ಜನವಿಲ್ಲದ ಸಾಮಾನನ್ನು ನಮ್ಮ ಬಸ್ಸುಗಳಲ್ಲಿ ಹತ್ತಿಸಿಕೊಳ್ಳುವುದಿಲ್ಲ, ನಿಯಮ. ಹಾಗಾಗಿ ದಯವಿಟ್ಟು ಪೆಟ್ಟಿಗೆಯ ಪಕ್ಕದಲ್ಲಿ ನೀನೂ ಕೂತುಕೋ.