ಡನ್ಮೀರ್ ಎಂಬ ಹೊಸ ಹೆಸರು

ವಿಂಡೇಲ್ ಹೌಸ್, ಯಾರ್ಕ್‌ಶೈರ್
೯ ಅಕ್ಟೋಬರ್ ೧೭೮೬

ಪ್ರೀತಿಯ ಗಿಲ್ಬರ್ಟನಿಗೆ ಹೆಟ್ಟಿ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳಿಸಿದ ಜೇನುತುಪ್ಪದ ಎರಡು ಜಾಡಿಗಳೂ ಒಡೆಯದೆ ತಲುಪಿವೆ. ಒಂದನ್ನು ನಿನ್ನಪ್ಪ ತನ್ನ ಕೋಣೆಗೆ ಹೊತ್ತುಕೊಂಡು ಹೋಗಿ ಬೀಗ ಹಾಕಿಟ್ಟಿದ್ದಾನೆ. ಉತ್ತರ ಬರೆಯುವುದು ಮೂರು ವಾರ ತಡವಾಯಿತು, ಕ್ಷಮಿಸು. ಒಳಗೆ ಏನು ಬರೆಯಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಲಕೋಟೆಯ ಮೇಲೆ ಯಾರ ಹೆಸರು ಬರೆಯಬೇಕೆಂಬುದೇ ತಿಳಿಯಲಿಲ್ಲ. 'ಲಾರ್ಡ್ ಕೆಲ್ಬಿ' ಎಂದು ವಿಳಾಸ ಬರೆದಿದ್ದ ನಿನ್ನಪ್ಪನ ಮೂರು ಪತ್ರಗಳನ್ನು 'ಈ ಹೆಸರಿನವರು ಈ ಮನೆಯಲ್ಲಿಲ್ಲ' ಎಂದು ಗೀಚಿ ವಾಪಸು ಕಳಿಸಿದವನು ನೀನು. ಬಿಷಪ್ಪರ ಪತ್ರವನ್ನೂ ಬಿಡಲಿಲ್ಲವಂತೆ! ಪಾದ್ರಿಯಾದವನಿಗೆ ಇಷ್ಟು ಹಟ ಒಳ್ಳೆಯದಲ್ಲ. ನೀನು ಟ್ರೆಸೆಲ್ ವಂಶದವನೇ ಎಂಬುದಕ್ಕೆ ಮಾತ್ರ ಬೇರೆ ಸಾಕ್ಷಿ ಬೇಕಿಲ್ಲ.

ಹಟ ಯಾಕೆಂದು ನನಗೆ ಗೊತ್ತು. ನಮ್ಮಂಥ ಮನೆಗಳಲ್ಲಿ ಹಿರಿಯ ಮಗ ತೊಟ್ಟಿಲಲ್ಲಿರುವಾಗಲೇ ಅಪ್ಪನ ಎರಡನೇ ಬಿರುದು ಅವನ ಹೆಸರಾಗಿಬಿಡುತ್ತದೆ. ನಿನ್ನಣ್ಣ ಹಲ್ಲು ಬರುವ ಮೊದಲೇ ಲಾರ್ಡ್ ಕೆಲ್ಬಿ. ದಾದಿಯೂ ಕೆಲ್ಬಿ ಎಂದಳು, ಹೆತ್ತವರೂ ಕೆಲ್ಬಿ ಎಂದರು. ಅವನು ಸಿಡುಬಿನಿಂದ ತೀರಿಕೊಂಡ ಮಾರನೆಯ ದಿನ ಅದೇ ಹೆಸರು ನಿನ್ನ ಕೊರಳಿಗೆ ಬಿತ್ತು. ಅವನನ್ನು ಮಣ್ಣು ಮಾಡಿ ಬಂದ ಸಂಜೆ, ನೆಂಟರೆಲ್ಲ ಊಟಕ್ಕೆ ಸೇರಿದ್ದಾಗ, ಬಟ್ಲರ್ ಪಾರ್ಕಿನ್ ಬಾಗಿಲಲ್ಲಿ ನಿಂತು "ಲಾರ್ಡ್ ಕೆಲ್ಬಿ!" ಎಂದು ಕೂಗಿದ. ನೀನು ಒಳಗೆ ಬರುತ್ತಿದ್ದವನು ಅಣ್ಣ ಬಂದನೇನೋ ಎಂದು ಹಿಂದೆ ತಿರುಗಿ ನೋಡಿದೆ. ನಾನೂ ನೋಡಿದೆ, ಮಗು. ಅವತ್ತು ತಟ್ಟೆ ಮುಟ್ಟದೆ ಎದ್ದು ಕಾರ್ನ್‌ವಾಲಿಗೆ ಹೋದವನು ಎರಡು ವರ್ಷವಾದರೂ ಈ ಹೊಸ್ತಿಲು ತುಳಿದಿಲ್ಲ. ಆ ಹೆಸರಿನಿಂದ ಕರೆಯುವ ಮನೆಗೆ ಬರುವುದಿಲ್ಲ ಎಂದು ನೀನು ಬರೆದೆ. ಈಗ ನೀನು ಬರಬೇಕು. ಅದನ್ನು ಕೇಳಲೆಂದೇ ಈ ಪತ್ರ.

ಮೊದಲು ಸುದ್ದಿ ಕೇಳು. ನಿನ್ನಪ್ಪನಿಗೆ ಬಡ್ತಿ ಸಿಕ್ಕಿದೆ! ವಿಂಡೇಲಿನ ಅರ್ಲ್ ಆಗಿದ್ದವನು ಎಪ್ಪತ್ತನೇ ವಯಸ್ಸಿನಲ್ಲಿ ಒಂದು ಮೆಟ್ಟಿಲು ಹತ್ತಿ ಮಾರ್ಕ್ವೆಸ್ ಆಗಿದ್ದಾನೆ. ಪಕ್ಕದ ಜಹಗೀರಿನವರು ಅರ್ಲ್ ಆದಾಗ "ಮುದಿ ಟರ್ಕಿ ಕೋಳಿಗೆ ಇನ್ನೊಂದು ಗರಿ" ಎಂದು ಊರೆಲ್ಲ ಆಡಿಕೊಂಡು ನಕ್ಕವನು ಇವನೇ. ಈ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಲಂಡನ್ನಿಗೆ ಹೊರಟ. ಊದಿದ ಕಾಲಿಗೆ ಫ್ಲಾನೆಲ್ ಸುತ್ತಿಕೊಂಡು ಆರು ತಿಂಗಳು ಮಂತ್ರಿಗಳ ಮನೆ, ಅರಮನೆ ಎಂದು ಅಲೆದ. ಒಂದು ದಿನ ದೊರೆಯ ಮುಂದೆ ಐದು ಗಂಟೆ ನಿಂತನಂತೆ. ನಾನು ಮುಖಕ್ಕೇ ಕೇಳಿದೆ.

"ಈ ವಯಸ್ಸಲ್ಲಿ ನಿಂಗ್ಯಾಕೋ ರೋಜರ್ ಈ ಹುಚ್ಚು? ಕಿರೀಟ ಇಟ್ಕೊಂಡು ಗೋರಿಗೆ ಹೋಗ್ತೀಯಾ?"

"ಸುಮ್ನಿರಕ್ಕ. ನಿಂಗೆ ಮುತ್ತಿನ ಓಲೆ ಅಂದ್ರೆ ಆಸೆ ಇಲ್ವಾ? ನಂಗಿದು ಅಷ್ಟೇ."

ಮುತ್ತಿನ ಓಲೆಗೂ ನನಗೂ ಏನು ಸಂಬಂಧವೋ! ನನ್ನ ಹತ್ತಿರ ಇರುವುದು ಒಂದೇ ಜೊತೆ, ಅದರಲ್ಲೂ ಒಂದಕ್ಕೆ ಕೊಂಡಿ ಇಲ್ಲ.

ಹೋದ ವಾರ ಕೋಚು ಗಾಡಿಯ ಬಾಗಿಲ ಮೇಲೆ ಹೊಸ ಕಿರೀಟ ಬರೆಯಲು ಚಿತ್ರಕಾರ ಬಂದಿದ್ದ. ಬರೆಯುವುದಿರಲಿ, ಹಳೇ ಕಿರೀಟದ ಚಿತ್ರದಲ್ಲಿದ್ದ ಸ್ಟ್ರಾಬೆರಿ ಎಲೆಗಳನ್ನೇ ಕೆರೆಯುತ್ತ ಕೂತ. "ಏನಯ್ಯ ಇದು?" ಎಂದೆ.

"ಅರ್ಲ್‌ಗೆ ಎಂಟೆಲೆ, ಮಾರ್ಕ್ವೆಸ್‌ಗೆ ನಾಲ್ಕೇ, ಅಮ್ಮಾವ್ರೇ."

"ಅಂದ್ರೆ ದೊಡ್ಡೋರಾದಷ್ಟೂ ಎಲೆ ಉದುರತ್ತಾ?"

"ಡ್ಯೂಕ್ ಆದ್ರೆ ಮತ್ತೆ ಎಂಟು ಚಿಗುರತ್ತೆ ಬಿಡಿ. ಇನ್ನೊಂಚೂರು ಓಡಾಡೋಕೆ ಹೇಳಿ ಒಡೆಯರಿಗೆ."

ನಿನ್ನ ತಂಗಿ ಸೋಫಿಯಾಳ ಸಂಭ್ರಮ ನೋಡಬೇಕಿತ್ತು. ಇಷ್ಟು ವರ್ಷ ಊಟದ ಮನೆಗೆ ಹೋಗುವಾಗ ಅವಳ ಓರಗಿತ್ತಿ ಲೇಡಿ ಜೂಡಿತ್ ಮುಂದೆ, ಇವಳು ಹಿಂದೆ. ಇಬ್ಬರೂ ಅರ್ಲ್ ಮಕ್ಕಳೇ ಆದರೂ ಅವರ ಬಿರುದು ನಮ್ಮದಕ್ಕಿಂತ ಹಳೆಯದು ನೋಡು. ಕಳೆದ ಗುರುವಾರ ನಮ್ಮವಳು ಎಂಟು ತಿಂಗಳ ಹೊಟ್ಟೆ ಮುಂದೆ ಮಾಡಿಕೊಂಡು ಬಾಗಿಲ ತುಂಬ ನಿಂತಳು. "ದಯವಿಟ್ಟು ನನ್ನ ಹಿಂದೆ ಬನ್ನಿ ಜೂಡಿತ್, ಎಡವೀರಿ ಜೋಕೆ" ಎಂದಳು. ಜೂಡಿತ್ ಅವತ್ತು ಸೂಪು ಮುಟ್ಟಲಿಲ್ಲ. ನನಗೆ ಮಾತ್ರ ಈ ಬಡ್ತಿಯಿಂದ ಬಿಡಿಗಾಸಿನ ಲಾಭವಿಲ್ಲ. ತಮ್ಮ ಮೇಲೇರಿದರೆ ಅಕ್ಕ ಏರುವುದಿಲ್ಲವಂತೆ. ಅರ್ಲ್ ಮಗಳಾಗಿ ಹುಟ್ಟಿದೆ, ಹಾಗೇ ಸಾಯುತ್ತೇನೆ.

ಇನ್ನು ನಿನ್ನ ವಿಷಯ. ಮಾರ್ಕ್ವೆಸನ ಹಿರಿಯ ಮಗನಿಗೆ ಸಲ್ಲುವುದು ಅರ್ಲ್ ಬಿರುದು. ಅದಕ್ಕೆಂದೇ ನಿನ್ನಪ್ಪ ಹೊಸದೊಂದು ಅರ್ಲ್ ಪದವಿಯನ್ನೂ ಜೊತೆಗೆ ಕೇಳಿ ಪಡೆದಿದ್ದಾನೆ. ಸನ್ನದು ಬರೆಯುವ ಗುಮಾಸ್ತ, ಹೆಸರು ಯಾವ ಊರಿನದು ಇಡಲಿ ಎಂದನಂತೆ. "ಡನ್ಮೀರ್" ಎಂದ ನಿನ್ನಪ್ಪ. ಗುಮಾಸ್ತ ನಕ್ಷೆಯೆಲ್ಲ ಹುಡುಕಿದ.

"ಇದು ಊರಲ್ಲವಲ್ಲ ಪ್ರಭು, ಯಾವುದೋ ಕೆರೆ ಇದ್ದಂಗಿದೆ."

"ಕೆರೆನೇ. ನನ್ನ ಚಿಕ್ಕ ಮಗ ಅಲ್ಲಿ ಕಪ್ಪೆ ಹಿಡಿಯೋಕೆ ಹೋಗಿ ಮುಳುಗಿದ್ದ. ಬರ್ಕೊಳಯ್ಯ."

ನಿನಗೆ ನೆನಪಿದೆಯೋ ಇಲ್ಲವೋ, ಆಗ ನಿನಗೆ ಏಳು ವರ್ಷ. ನಿನ್ನಪ್ಪ ವಿಗ್ ಸಮೇತ ಕೆಸರಿಗೆ ಹಾರಿದ್ದ. ನೀನು ಸಿಕ್ಕಿದೆ, ವಿಗ್ ಸಿಗಲೇ ಇಲ್ಲ.

ಹಾಗಾಗಿ ಇವತ್ತಿನಿಂದ ನೀನು ಲಾರ್ಡ್ ಡನ್ಮೀರ್. ಕೆಲ್ಬಿ ಎಂಬ ಹೆಸರಿನಿಂದ ಇನ್ನು ಯಾರೂ ನಿನ್ನನ್ನು ಕರೆಯುವುದಿಲ್ಲ. ಮನೆಯವರೆಲ್ಲ ಬಾಯಿಪಾಠ ಮಾಡುತ್ತಿದ್ದಾರೆ. ಪಾರ್ಕಿನ್ ಬೆಳ್ಳಿ ಪಾತ್ರೆ ಉಜ್ಜುತ್ತ "ಡನ್ಮೀರ್, ಡನ್ಮೀರ್" ಎಂದು ಗುನುಗುತ್ತಾನೆ. ಮೊನ್ನೆ ಅಡುಗೆಯವಳು ಬಾಯಿತಪ್ಪಿ ಹಳೇ ಹೆಸರು ಹೇಳಿ, ಕೈಲಿದ್ದ ಪುಡಿಂಗ್ ಸಮೇತ ಒಳಗೆ ಓಡಿಹೋದಳು. ನಿನ್ನಪ್ಪ ಬೆಳಗಿನ ತಿಂಡಿಯ ಹೊತ್ತಿಗೆ ನಿನ್ನ ಖಾಲಿ ಕುರ್ಚಿಯನ್ನು ನೋಡಿ "ಡನ್ಮೀರ್, ಉಪ್ಪು ಕೊಡಪ್ಪ" ಎನ್ನುತ್ತಾನೆ. ಆಮೇಲೆ ಎದ್ದು ತಾನೇ ತೆಗೆದುಕೊಳ್ಳುತ್ತಾನೆ. ನವೆಂಬರಿನ ಮಾರ್ಟಿನ್‌ಮಸ್ ಹಬ್ಬಕ್ಕೆಂದು ಹೆಬ್ಬಾತು ಕೊಬ್ಬುತ್ತಿದೆ. ನಿನ್ನ ಜೇನುಹುಳುಗಳನ್ನು ಯಾರಿಗಾದರೂ ಒಪ್ಪಿಸಿ ಹೊರಟು ಬಾ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಎದೆಗೆ ಶೀತವಾಗದಂತೆ ನೋಡಿಕೋ. ಆ ಸಮುದ್ರದ ಗಾಳಿಯನ್ನು ನಾನು ನಂಬುವುದಿಲ್ಲ.

ನಿನ್ನ ಪ್ರೀತಿಯ ಅತ್ತೆ,
ಹೆನ್ರಿಯೆಟ್ಟಾ ಟ್ರೆಸೆಲ್

ತಾ.ಕ.: ಅರಗಿನ ಮುದ್ರೆ ಒತ್ತಲು ಹೋದವಳು ಮತ್ತೆ ಕೂತಿದ್ದೇನೆ. ನಿನ್ನಪ್ಪನಿಗೆ ಬಿರುದಿನ ಹುಚ್ಚು ಹಿಡಿದಿದೆ ಎಂದು ಊರು ನಗುತ್ತಿದೆ, ನಗಲಿ. ನೀನು ಹಾಗೆ ತಿಳಿಯಬಾರದು. ಮಾರ್ಚ್ ಕೊನೆಯ ದಿನ ಕಲ್ಲುಕುಟಿಗ ನಿನ್ನಣ್ಣನ ಗೋರಿಗೆ ಚಪ್ಪಡಿ ತಂದಿದ್ದ. "ಕೆಲ್ಬಿ ಅಂತ ಕೆತ್ತು" ಎಂದ ನಿನ್ನಪ್ಪ. "ಕೆಲ್ಬಿ ಒಡೆಯರು ಬದುಕಿದ್ದಾರಲ್ಲ, ಪಾದ್ರಿಗಳು? ತೀರಿಕೊಂಡೋರ ಸ್ವಂತ ಹೆಸರು ಹೇಳಿ ಒಡೆಯರೇ" ಎಂದು ಅವನು ಸಹಜವಾಗಿಯೇ ಕೇಳಿದ. ನಿನ್ನಪ್ಪ ನನ್ನ ಕಡೆ ತಿರುಗಿ, "ಅಕ್ಕ, ಅವನ ಹೆಸರೇನು?" ಎಂದ. ಎಡ್ಮಂಡ್ ಎಂದೆ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಆ ಹೆಸರು ಹಿಡಿದು ಕರೆದಿರಲಿಲ್ಲ. ಎರಡು ಸಲ ಮೆಲ್ಲಗೆ ಹೇಳಿ ನೋಡಿದ. "ಇದ್ಯಾರದೋ ಮಗನ ಹೆಸರಕ್ಕ. ನಾನು ಎತ್ತಿ ಆಡಿಸಿದ್ದು ಕೆಲ್ಬಿನ" ಎಂದು ಮುದುಕ ಅತ್ತುಬಿಟ್ಟ. ಮಾರನೆಯ ಬೆಳಿಗ್ಗೆ ಲಂಡನ್ನಿಗೆ ಗಾಡಿ ಕಟ್ಟಿಸಿದ.

ಚಪ್ಪಡಿ ಇನ್ನೂ ಬರಿದಾಗಿಯೇ ಇದೆ. ಮಾರ್ಟಿನ್‌ಮಸ್ ವಾರದಲ್ಲಿ ಅದರ ಮೇಲೆ ಕೆಲ್ಬಿ ಎಂದು ಕೆತ್ತುತ್ತಾರೆ. ನೀನೇ ಬಂದು ಪ್ರಾರ್ಥನೆ ಹೇಳಬೇಕೆಂದು ಅವನಿಗೆ ಆಸೆ. ಕೇಳಲು ಬಾಯಿ ಬರುವುದಿಲ್ಲ, ನಾನು ಕೇಳುತ್ತಿದ್ದೇನೆ. ಇಷ್ಟೆಲ್ಲ ಬಾಯಿಪಾಠ ಮಾಡಿದ್ದರೂ ನಿನ್ನ ಮುಖ ಕಂಡ ಕ್ಷಣ ಅವನ ಬಾಯಲ್ಲಿ ಯಾವ ಹೆಸರು ಬರುತ್ತದೋ ನಾನು ಹೇಳಲಾರೆ. ಯಾವುದು ಬಂದರೂ, ಅವತ್ತೊಂದು ದಿನ, ಓ ಎನ್ನು ಮಗು.